ಅಮವಾಸ್ಯೆಗೆ ಯಂತ್ರ ಮುಟ್ಟುವುದಿಲ್ಲ

ಎಷ್ಟೋ ದೇಶಗಳ ರಜೆಯ ದಿನಗಳನ್ನು ಕಂಪ್ಯೂಟರಿಗೆ ಹೇಳಿಕೊಟ್ಟವಳು ನಾನು. ಯಾವ ಊರಿನ ಹತ್ತಿ ಗಿರಣಿ ಯಾವತ್ತು ಬಾಗಿಲು ಹಾಕುತ್ತದೆ, ಎಲ್ಲಿ ಶುಕ್ರವಾರ ಮಧ್ಯಾಹ್ನದ ಮೇಲೆ ತೂಕ ಮಾಡುವುದಿಲ್ಲ, ಎಲ್ಲಿ ಸುಗ್ಗಿಯ ಮೊದಲ ದಿನ ಮಾಲು ಕೊಳ್ಳುವುದಿಲ್ಲ, ಇದನ್ನೆಲ್ಲ ಕೇಳಿ ತಿಳಿದುಕೊಂಡು ಪರದೇಶದ ಕಂಪನಿಯ ಸಾಫ್ಟ್‌ವೇರಿಗೆ ತುಂಬುವುದೇ ನನ್ನ ಕಸುಬಾಗಿತ್ತು. ಇದಕ್ಕೆ ಕನ್ಸಲ್ಟಿಂಗ್ ಎಂದು ದೊಡ್ಡ ಹೆಸರಿದೆ. ವಿಸಿಟಿಂಗ್ ಕಾರ್ಡಿನ ಮೇಲೆ ಚೆನ್ನಾಗಿಯೇ ಕಾಣುತ್ತದೆ. ನನ್ನನ್ನು ಕೇಳಿದರೆ, ಮೊದಲು ಬಸ್ಸಿನಲ್ಲಿ ಕೂರುವುದು, ಆಮೇಲೆ ವಿಮಾನದಲ್ಲಿ ಕೂರುವುದು, ನಡುನಡುವೆ ಯಾರದೋ ತಪ್ಪಿಗೆ ಕ್ಷಮೆ ಕೇಳುವುದು, ಅಷ್ಟೇ.

ನನಗೆ ದಣಿವಾಗಿದೆ. ಒಂದು ರಾತ್ರಿ ಮಲಗಿ ಎದ್ದರೆ ಹೋಗುವ ದಣಿವಲ್ಲ ಇದು. ಇದು ಶುರುವಾದದ್ದು ಎಲ್ಲಿ ಎಂದು ಯೋಚಿಸಿದರೆ ಮನಸ್ಸು ಪರದೇಶಕ್ಕೆ ಹೋಗುವುದೇ ಇಲ್ಲ. ಲಿಂಗಸುಗೂರಿನ ನಮ್ಮ ಬಾಡಿಗೆ ಮನೆಯ ಪಡಸಾಲೆಗೆ, ಅಕ್ಕನ ಹೊಲಿಗೆ ಮಷೀನಿನ ಹತ್ತಿರಕ್ಕೆ ಹೋಗಿ ನಿಲ್ಲುತ್ತದೆ.

ಅಪ್ಪ ಅವ್ವ ಬೇಗ ಹೋದರು. ಅಕ್ಕ ಗಂಡನ ಮನೆಯಿಂದ ತಿರುಗಿ ಬಂದವಳು. ಯಾಕೆ ಬಂದಳೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬರುವಾಗ ಹೊಲಿಗೆ ಮಷೀನೊಂದನ್ನು ಮುದಗಲ್ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಳು. ಎಂಬತ್ತರ ದಶಕದ ಶುರುವಿನ ಮಾತು. ನಾನಾಗ ಹೈಸ್ಕೂಲು ಮುಗಿಸಿದ್ದೆ. ಬೆಳಗಾದರೆ ಕುಪ್ಪಸ, ಲಂಗ, ಶಾಲೆಯ ಹುಡುಗರ ಚಡ್ಡಿ. ಅವಳು ಮಷೀನು ತುಳಿಯುವ ಸದ್ದಿನಲ್ಲಿಯೇ ನಾನು ಟೈಪಿಂಗ್ ಕಲಿತೆ, ಕಾಲೇಜು ಮುಗಿಸಿದೆ, ರಾಯಚೂರಿಗೆ ಓಡಾಡಿ ಕಂಪ್ಯೂಟರ್ ಕೋರ್ಸು ಮಾಡಿದೆ. ಯಾವ ಫೀಸು ಕಟ್ಟುವ ಹೊತ್ತಿಗೂ ಅಕ್ಕ ಒಂದೇ ಮಾತು ಹೇಳುತ್ತಿದ್ದಳು.

"ನೀ ಓದು. ಮಷೀನ್ ನಾ ತುಳೀತೀನಿ."

ತಿಂಗಳಿಗೆ ಒಂದು ದಿನ ಮಾತ್ರ ಅವಳು ಮಷೀನು ಮುಟ್ಟುತ್ತಿರಲಿಲ್ಲ. ಅಮವಾಸ್ಯೆಯ ದಿನ. ನಮ್ಮ ಕಡೆ ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಲಾರಿ, ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ಏನು ದುಡಿಯುತ್ತದೋ ಅದಕ್ಕೆ ಅವತ್ತು ವಿಭೂತಿ, ಕುಂಕುಮ, ಒಂದು ನಿಂಬೆಹಣ್ಣು, ಒಂದು ಕಾಯಿ. ಪೂಜೆಯಾದ ಮೇಲೆ ಮರುದಿನದ ತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಅಕ್ಕ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಮಷೀನಿಗೆ ಎಣ್ಣೆ ಬಿಟ್ಟು, ಒರೆಸಿ, ವಿಭೂತಿ ಎಳೆದು, ಹಳೆಯ ಸೀರೆಯೊಂದನ್ನು ಹೊದಿಸಿಬಿಡುತ್ತಿದ್ದಳು. ಮದುವೆ ಮನೆಯವರು ಬಾಗಿಲಲ್ಲಿ ನಿಂತು ಗೋಗರೆದರೂ ಆ ಸೀರೆ ತೆಗೆಯುತ್ತಿರಲಿಲ್ಲ. ಅವತ್ತು ಮಧ್ಯಾಹ್ನ ನೆಲದ ಮೇಲೆ ಕಾಲು ಚಾಚಿ ಮಲಗಿ ಊರಿನ ಸುದ್ದಿಯೆಲ್ಲ ಹೇಳಿ ನಗಿಸುತ್ತಿದ್ದಳು. ಉಳಿದ ದಿನಗಳಲ್ಲಿ ಅಕ್ಕ ನಕ್ಕದ್ದು ನನಗೆ ಅಷ್ಟಾಗಿ ನೆನಪಿಲ್ಲ.

ತೊಂಬತ್ತರ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಹಳೆಯ ಟೈಪ್‌ರೈಟರುಗಳ ನಡುವೆ ಒಂದು ಕಂಪ್ಯೂಟರ್ ತಂದಿಟ್ಟಿದ್ದೆ. ಹಸಿರು ಅಕ್ಷರದ್ದು. ಅದನ್ನು ಕಲಿಯಲು ಬರುವವರಿಗಿಂತ ನೋಡಲು ಬರುವವರೇ ಹೆಚ್ಚು. ಅಲ್ಲಿಂದ ಬರುವುದು ಮನೆ ಬಾಡಿಗೆಗೆ ಸರಿಹೋಗುತ್ತಿತ್ತು, ಅನ್ನಕ್ಕೆ ಅಕ್ಕನ ಮಷೀನೇ ಗತಿ. ಅದೇ ಹೊತ್ತಿಗೆ ಅಕ್ಕನ ಕಣ್ಣು ಕೈಕೊಡತೊಡಗಿತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು. ರಾಯಚೂರಿನ ಡಾಕ್ಟರು ಹೊಲಿಗೆ ಬಿಡದಿದ್ದರೆ ಇದ್ದದ್ದೂ ಹೋಗುತ್ತದೆ ಎಂದು ಹೇಳಿ ಕಳಿಸಿದರು.

"ಕಣ್ಣ ಹೋದ್ರ ಹೋಗಲಿ, ಕೈ ಐತಲ್ಲ," ಎಂದಳು ಅಕ್ಕ, ಬಸ್ಸಿನಲ್ಲಿ.

ಅಕ್ಕನ ಕೈಯಿಂದ ಆ ಮಷೀನು ಬಿಡಿಸಬೇಕು. ಆಮೇಲೆ ನಾನು ಮಾಡಿದ್ದೆಲ್ಲ ಇದೊಂದಕ್ಕೇ. ಪರದೇಶ ನೋಡುವ ಆಸೆ, ದೊಡ್ಡವಳಾಗುವ ಆಸೆ ಇತ್ತೆಂದು ಯಾರಾದರೂ ಬರೆದರೆ ಅದು ಸುಳ್ಳು.

ತೊಂಬತ್ತರ ದಶಕದ ನಡುವಿನಲ್ಲಿ ಇಂಗ್ಲೆಂಡಿನ ಹತ್ತಿ ವ್ಯಾಪಾರದ ಕಂಪನಿಯೊಂದು ನಮ್ಮ ಕಡೆಯ ಅರಳೆ ಕೊಳ್ಳಲು ಬಂತು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ಊರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದೊಂದು ಜಿನ್ನಿಂಗ್ ಗಿರಣಿಯನ್ನು ಹಿಡಿದು, ಒಂದೊಂದು ಕಂಪ್ಯೂಟರ್ ಕೊಟ್ಟಿತು. ದಿನಕ್ಕೆ ಎಷ್ಟು ಹತ್ತಿ ಬಂತು, ಎಷ್ಟು ಬೇಲು ಕಟ್ಟಿತು ಎಂಬುದನ್ನು ಗಿರಣಿಯವರು ಅದರಲ್ಲಿ ತುಂಬಬೇಕು. ಸಂಜೆ ದಿನ ಮುಚ್ಚಬೇಕು. ಮುಚ್ಚುವುದು ಎಂದರೆ, ಇವತ್ತಿನ ಕೆಲಸ ಮುಗಿಯಿತೆಂದು ಒಂದು ಕೀಲಿ ಒತ್ತಿ, ಟೆಲಿಫೋನ್ ತಂತಿಯ ಮೇಲೆ ಸುದ್ದಿಯನ್ನು ಅವರಿಗೆ ಕಳಿಸುವುದು. ಮುಚ್ಚದಿದ್ದರೆ ಮರುದಿನ ಬೆಳಗ್ಗೆ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ಅಲ್ಲಿ ಅವರ ಆಫೀಸಿನಲ್ಲಿ ಆ ಗಿರಣಿಯ ಹೆಸರಿನ ಮುಂದೆ ಒಂದು ಕೆಂಪು ಗುರುತು ಬೀಳುತ್ತದೆ.

ಇದನ್ನೆಲ್ಲ ಗಿರಣಿಯವರಿಗೆ ಕಲಿಸಿ, ಕೆಟ್ಟರೆ ಓಡಿಹೋಗಿ ಸರಿಮಾಡಲು ಅವರಿಗೆ ಒಬ್ಬ ಮನುಷ್ಯ ಬೇಕಾಗಿತ್ತು. ಕಂಪ್ಯೂಟರ್ ಬರಬೇಕು, ಇಂಗ್ಲಿಷ್ ಬರಬೇಕು, ಹಮಾಲರ ಜೊತೆ ಮಾತಾಡಲೂ ಬರಬೇಕು. ನನ್ನ ಇನ್‌ಸ್ಟಿಟ್ಯೂಟಿನ ಬೋರ್ಡು ಅವರ ಕಣ್ಣಿಗೆ ಬಿತ್ತು. ಮುಂಬೈಯ ಒಂದು ದೊಡ್ಡ ಸಂಸ್ಥೆಯೂ ಅದೇ ಕೆಲಸಕ್ಕೆ ಬಾಯಿ ತೆರೆದುಕೊಂಡು ಕುಳಿತಿತ್ತು. ಆದ್ದರಿಂದ ಕರಾರು ಹೀಗಾಯಿತು: ಹತ್ತಿಯ ಹಂಗಾಮು ಮುಗಿಯುವ ತನಕ ಮೂರೂ ಊರಿನಿಂದ ಒಂದು ದಿನವೂ ತಪ್ಪದೆ ಸುದ್ದಿ ಹೋದರೆ ಕೆಲಸ ಕಾಯಂ ಆಗಿ ನನ್ನದು, ಬೇರೆ ದೇಶದ ಗಿರಣಿಗಳಿಗೂ ನನ್ನನ್ನೇ ಕಳಿಸುತ್ತಾರೆ. ಒಂದು ಕೆಂಪು ಗುರುತು ಬಿದ್ದರೂ ಕೆಲಸ ಮುಂಬೈಗೆ ಹೋಗುತ್ತದೆ.

ಶುರುವಿನಲ್ಲಿ ಅವರು ಒಂದು ಪ್ರಶ್ನೆ ಕೇಳಿದ್ದರು. ನಿಮ್ಮಲ್ಲಿ ವಾರದ ರಜೆ ಯಾವುದು? ನಾನು ಹಿಂದೆಮುಂದೆ ನೋಡದೆ ಭಾನುವಾರ ಎಂದೆ. ಶಾಲೆ, ಬ್ಯಾಂಕು, ತಹಶೀಲ್ದಾರ ಕಚೇರಿ, ಎಲ್ಲದಕ್ಕೂ ಭಾನುವಾರವೇ ಅಲ್ಲವೇ? ಪ್ರಶ್ನೆ ಇಂಗ್ಲಿಷಿನಲ್ಲಿ ಬಂದಿತ್ತು, ಉತ್ತರವೂ ಇಂಗ್ಲಿಷಿನವರ ಲೆಕ್ಕದಲ್ಲೇ ಹೋಯಿತು. ನಮ್ಮ ಗಿರಣಿಗಳಿಗೆ ಭಾನುವಾರ ಎಂಬುದೇ ಇಲ್ಲ, ಅಮವಾಸ್ಯೆಯೊಂದೇ ರಜೆ ಎನ್ನುವುದು ನನಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಆದರೆ ಅದು ಪರದೇಶದವರಿಗೆ ಹೇಳುವ ಸಂಗತಿ ಎಂದು ಹೊಳೆಯಲಿಲ್ಲ. ಮನೆಯಲ್ಲಿ ಚಪ್ಪಲಿ ಎಲ್ಲಿ ಬಿಡುತ್ತೇವೆ ಎಂದು ಯಾರಾದರೂ ಕಂಪನಿಗೆ ಬರೆದು ತಿಳಿಸುತ್ತಾರೆಯೇ?

ಕಾರ್ತಿಕದ ಕೊನೆಯ ಛಟ್ಟಿ ಅಮವಾಸ್ಯೆಯ ಮರುದಿನ ಕೆಲಸ ಶುರುವಾಯಿತು. ಭಾನುವಾರ ಬಂದ ಹತ್ತಿಯನ್ನು ಸೋಮವಾರಕ್ಕೆ ಏರಿಸಿ ಹೇಗೋ ಸರಿದೂಗಿಸಿದೆ. ದಿನವೂ ಬೆಳಗ್ಗೆ ಲಿಂಗಸುಗೂರಿನಲ್ಲಿ ಬಸ್ ಹತ್ತಿ ಮಸ್ಕಿಗೆ, ಅಲ್ಲಿಂದ ಸಿಂಧನೂರಿಗೆ, ಸಂಜೆ ಅದೇ ದಾರಿಯಲ್ಲಿ ವಾಪಸು. ಗೊರೇಬಾಳ ದಾಟಿದ ಮೇಲೆ ಕಾಲುವೆಯ ತಂಪು ಗಾಳಿ ಬರುತ್ತಿತ್ತು, ಅಷ್ಟರಲ್ಲಿ ನನಗೆ ತೂಕಡಿಕೆ. ಸಿಂಧನೂರಿನಲ್ಲಿ ಕರೆಂಟು ಇದ್ದರೆ ಮಸ್ಕಿಯಲ್ಲಿ ಇಲ್ಲ, ಮಸ್ಕಿಯಲ್ಲಿ ಫೋನು ಹತ್ತಿದರೆ ಲಿಂಗಸುಗೂರಿನಲ್ಲಿ ಸತ್ತಿರುತ್ತಿತ್ತು. ಅರಳೆಯ ಧೂಳು ಕೀಬೋರ್ಡಿನೊಳಗೆ ಇಳಿದು ಅಕ್ಷರಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವು. ಬೋರಲು ಹಾಕಿ, ಬಡಿದು, ಬಾಯಿಂದ ಊದಬೇಕು. ಮನೆಗೆ ಬಂದರೆ ತಲೆಯ ತುಂಬ ಅರಳೆ.

"ಮುದುಕಿ ಆಗಿ ಬಂದಿ ನೋಡು," ಎಂದು ಅಕ್ಕ ನನ್ನ ತಲೆ ಕೊಡವುತ್ತಿದ್ದಳು. ಕೊಡವಿ, ಮತ್ತೆ ಮಷೀನಿಗೆ ಹೋಗಿ ಕೂರುತ್ತಿದ್ದಳು. ಅವಳು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಹೊಲಿಯುವುದನ್ನು ನೋಡಿದಾಗಲೆಲ್ಲ ನನಗೆ ಹಂಗಾಮು ಬೇಗ ಮುಗಿಯಬಾರದೇ ಎನಿಸುತ್ತಿತ್ತು.

ಒಂದು ಸಂಜೆ ಮಸ್ಕಿಯ ಗಿರಣಿಯಲ್ಲಿ ದಿನ ಮುಚ್ಚಿ ಎದ್ದಾಗ ಸಾವ್ಕಾರ ಹೇಳಿದ. ನನ್ನ ವಯಸ್ಸಿನವನೇ, ಒಳ್ಳೆಯ ಮನುಷ್ಯ. ತಂದೆ ತೀರಿದ ಮೇಲೆ ಗಿರಣಿ ಅವನ ಕೈಗೆ ಬಂದಿತ್ತು.

"ನಾಳಿ ಬರಬ್ಯಾಡ್ರಿ ಟೀಚರ್. ನಾಳಿ ಎಳ್ಳ ಅಮಾಸಿ."

ಎತ್ತಿಕೊಂಡಿದ್ದ ಚೀಲವನ್ನು ಮತ್ತೆ ಮೇಜಿನ ಮೇಲಿಟ್ಟೆ. "ಗಿರಣಿ ಬಂದ್ ಇರಲ್ರಿ. ನಂಗ ಕಂಪ್ಯೂಟರ್ ಒಂದ ಬೇಕ್ರಿ. ಐದ ನಿಮಿಷ."

"ಅವ್ವಗ ಕೇಳಬೇಕ್ರಿ," ಎಂದ ಅವನು, ಮುಖ ಬೇರೆ ಕಡೆ ತಿರುಗಿಸಿ. ಅವನಿಗೂ ಆ ಕಂಪನಿಯ ವ್ಯಾಪಾರ ಬೇಕಾಗಿತ್ತು. ಆದರೆ ಆ ಮನೆಯಲ್ಲಿ ಅವ್ವನ ಮಾತಿನ ಮೇಲೆ ಮಾತಿರಲಿಲ್ಲ.

ಮರುದಿನ ಬೆಳಗ್ಗೆ ಲಿಂಗಸುಗೂರಿನದನ್ನು ಪೂಜೆಗೆ ಮೊದಲೇ ಹೋಗಿ ಮುಚ್ಚಿದೆ. ಅಲ್ಲಿ ಕಂಪ್ಯೂಟರ್ ಗಿರಣಿಯಲ್ಲಿ ಇರಲಿಲ್ಲ, ಬಜಾರಿನ ಅಂಗಡಿಯಲ್ಲಿತ್ತು, ಗುಮಾಸ್ತ ತಕರಾರು ಮಾಡಲಿಲ್ಲ. ಸಿಂಧನೂರಿಗೆ ಫೋನು ಮಾಡಿದೆ, ಅವರೂ ಬೇಗನೆ ಮುಗಿಸಿದರು. ಉಳಿದದ್ದು ಮಸ್ಕಿ. ಚಪ್ಪಲಿ ಮೆಟ್ಟುವಾಗ ಅಕ್ಕ ತನ್ನ ಮಷೀನಿಗೆ ವಿಭೂತಿ ಎಳೆಯುತ್ತಿದ್ದಳು.

"ಅಮಾಸಿ ದಿನ ಎಲ್ಲಿಗೆ ಬೇ?"

"ಮಸ್ಕಿಗೆ. ಈಗ ಬರ್ತೀನಿ."

"ಉಣ್ಣಾಕರ ಬರತೀ ಇಲ್ಲ?" ಎಂದಳು. ನಾನು ಆಗಲೇ ಹೊಸ್ತಿಲು ದಾಟಿದ್ದೆ.

ಬಸ್ಸಿನ ತುಂಬ ಹೊಲಕ್ಕೆ ಹೊರಟ ಹೆಂಗಸರು. ಎಳ್ಳ ಅಮವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುವುದು ನಮ್ಮ ಕಡೆಯ ಪದ್ಧತಿ. ಬುಟ್ಟಿಗಳಲ್ಲಿ ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ. ಆ ವಾಸನೆಯ ನಡುವೆ ಫ್ಲಾಪಿಯ ಚೀಲ ಹಿಡಿದುಕೊಂಡು ನಿಂತವಳು ನಾನೊಬ್ಬಳೇ. ಒಬ್ಬ ಅಜ್ಜಿ ನನ್ನ ಚೀಲ ನೋಡಿ, "ಯಾರ ಹೊಲ ಯವ್ವಾ ನಿಮ್ದು?" ಎಂದು ಕೇಳಿದಳು. ನಕ್ಕು ಚೀಲವನ್ನು ಹಿಂದಕ್ಕೆ ಸರಿಸಿಕೊಂಡೆ.

ಮಸ್ಕಿಯ ಗಿರಣಿ ಅವತ್ತು ಎಷ್ಟು ಸುಮ್ಮನಿತ್ತೆಂದರೆ, ಗೋಡೌನಿನೊಳಗೆ ಗುಬ್ಬಿಗಳ ಸದ್ದು ಕೇಳಿಸುತ್ತಿತ್ತು. ಆಫೀಸು ಕೋಣೆಗೆ ಹೋಗಿ ನೋಡಿದೆ. ಕಂಪ್ಯೂಟರಿನ ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಮೇಲೆ ಚೆಂಡುಹೂವಿನ ಮಾಲೆ. ಕೀಬೋರ್ಡಿನ ಮೇಲೆ ಒಂದು ನಿಂಬೆಹಣ್ಣು. ನಾನು ದಿನವೂ ಬಡಿದು ಊದುತ್ತಿದ್ದ ಆ ಡಬ್ಬಿ ಅವತ್ತು ದೇವರ ಗುಡಿಯೊಳಗೆ ಕುಳಿತಂತೆ ಕುಳಿತಿತ್ತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಸಾವ್ಕಾರನ ತಾಯಿ ಬಾಗಿಲ ಹತ್ತಿರ ಮಣೆಯ ಮೇಲೆ ಕುಳಿತಿದ್ದರು. ಮಗ ಅವರ ಹಿಂದೆ ನಿಂತಿದ್ದ.

"ಏನ್ ಯವ್ವಾ, ಹಬ್ಬದ ದಿನ ಹಿಂಗ ಓಡಿ ಬಂದೀ? ಉಂಡೀ ಇಲ್ಲಾ?"

"ಉಣ್ತೀನ್ರಿ ಅಮ್ಮಾ. ಮೊದ್ಲ ಈ ಕಂಪ್ಯೂಟರ್ ಒಂದ ಐದ ನಿಮಿಷ ಹಚ್ಚಿ ಬಿಡ್ತೀನ್ರಿ."

"ಇವತ್ತ ಹಚ್ಚಂಗಿಲ್ಲವಾ. ಅದೂ ಯಂತ್ರನ ಹೌದಲ್ಲ? ಕರೆಂಟ್ ತಿಂತೈತಿ, ದುಡೀತೈತಿ. ದುಡಿಯೋದನ್ನ ಒಂದಿನ ಸುಮ್ಮನ ಬಿಡಬೇಕು."

"ಇದಕ್ಕ ಹಲ್ಲಿಲ್ರಿ ಅಮ್ಮಾ. ಯಾರ ಕೈನೂ ಹಿಡಿಯಂಗಿಲ್ಲ."

ಅವರು ದನಿ ಏರಿಸದೆ ಹೇಳಿದರು. "ಅವತ್ತ ನನ್ನ ಗಂಡನೂ ಹಿಂಗ ಅಂದಿದ್ದ. ಲಾರಿ ನಿಂತೈತಿ, ಒಂದ ಬೇಲ್ ಕಡಿಮಿ ಬಿದ್ದೈತಿ, ಐದ ನಿಮಿಷ ಅಂದಿದ್ದ. ಅಮಾಸಿ ಇತ್ತು. ಬ್ಯಾಡ ಅಂದೆ. ಕೇಳಲಿಲ್ಲ." ಅಷ್ಟು ಹೇಳಿ ಗೇಟಿನ ಕಡೆ ಕಣ್ಣು ಹೊರಳಿಸಿದರು.

ಗೇಟಿನ ಕಾವಲುಗಾರನನ್ನು ನಾನು ದಿನವೂ ನೋಡುತ್ತಿದ್ದೆ. ಬಲಗೈ ಮೊಣಕೈಯಿಂದ ಕೆಳಗಿಲ್ಲ. ಹಿಂದೆ ಇದೇ ಗಿರಣಿಯಲ್ಲಿ ಜಿನ್ನಿಗೆ ಹತ್ತಿ ಒಡ್ಡುತ್ತಿದ್ದವನೆಂದು ಕೇಳಿದ್ದೆ, ಕೈ ಯಾವ ದಿನ ಹೋಯಿತೆಂದು ಕೇಳಿರಲಿಲ್ಲ. ಅವನು ಆಗ ಹಬ್ಬದ ಊಟಕ್ಕೆ ಕುಳಿತಿದ್ದ. ನಮ್ಮೆಲ್ಲರಿಗೂ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ಯಾಕೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು ಅವನು ಇಷ್ಟು ವರ್ಷ ಗೋಡೆ ನೋಡಿಕೊಂಡೇ ಉಂಡಿದ್ದಾನೆ.

ಕೈ ಹೋದದ್ದಕ್ಕೆ ಅಮವಾಸ್ಯೆ ಕಾರಣವಲ್ಲ, ಅವಸರ ಕಾರಣ ಎಂದು ವಾದ ಮಾಡಬಹುದಿತ್ತು. ನನಗೆ ವಾದ ಮಾಡಲು ಬರುತ್ತದೆ, ಆಮೇಲೆ ಎಷ್ಟೋ ದೇಶಗಳಲ್ಲಿ ಅದಕ್ಕೇ ಸಂಬಳ ತೆಗೆದುಕೊಂಡಿದ್ದೇನೆ. ಆದರೆ ಅವತ್ತು ಕೀಬೋರ್ಡಿನ ಮೇಲಿನ ನಿಂಬೆಹಣ್ಣನ್ನು ಎತ್ತಿ ಪಕ್ಕಕ್ಕಿಡಲು ನನ್ನ ಕೈ ಒಪ್ಪಲಿಲ್ಲ. ಅಮ್ಮನವರು ಬಡಿಸಿದ್ದನ್ನು ಉಂಡೆ. ಉಣ್ಣುವಾಗೆಲ್ಲ ಅಕ್ಕನ ಕಣ್ಣು ನೆನಪಾಗುತ್ತಿತ್ತು.

ಇಂಗ್ಲೆಂಡಿನಲ್ಲಿ ಆಫೀಸು ತೆರೆಯುವ ತನಕ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಕಾದೆ. ಆಮೇಲೆ ಎಸ್‌ಟಿಡಿ ಬೂತಿನಿಂದ ಅಲ್ಲಿಯ ಮ್ಯಾನೇಜರಿಗೆ ಫೋನು ಮಾಡಿದೆ. ನಡುವಯಸ್ಸು ದಾಟಿದ ದನಿ. ಅವರಿಗೂ ದಣಿವಾಗಿದ್ದಿರಬೇಕು, ಯಾವಾಗಲೂ ನಿಟ್ಟುಸಿರು ಬಿಟ್ಟೇ ಮಾತು ಶುರುಮಾಡುತ್ತಿದ್ದರು. ಫೋನು ಕೆಟ್ಟಿದೆ ಎಂದೋ ಕರೆಂಟು ಹೋಗಿದೆ ಎಂದೋ ಹೇಳಿದರೆ ನಂಬುತ್ತಿದ್ದರು. ಆದರೆ ಮುಂದಿನ ತಿಂಗಳೂ ಅಮವಾಸ್ಯೆ ಬರುತ್ತದೆ. ಎಷ್ಟು ಸಲ ಫೋನು ಕೆಡಿಸುವುದು? ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇವತ್ತು ಆಕಾಶದಲ್ಲಿ ಚಂದ್ರ ಕಾಣುವುದಿಲ್ಲ, ಇಂಥ ದಿನ ಇಲ್ಲಿ ಯಂತ್ರ ಮುಟ್ಟುವುದಿಲ್ಲ, ಮಸ್ಕಿಯಿಂದ ಸುದ್ದಿ ಬರುವುದಿಲ್ಲ.

ಮುಟ್ಟಿದರೆ ಏನಾಗುತ್ತದೆ ಎಂದು ಕೇಳಿದರು. ಒಬ್ಬ ಮನುಷ್ಯನ ಕೈ ಹೋಗಿದೆ ಎಂದೆ. ಅದಕ್ಕೂ ಚಂದ್ರನಿಗೂ ಸಂಬಂಧವಿದೆಯೇ ಎಂದರು. ಇಲ್ಲದೆ ಇರಬಹುದು, ಆದರೆ ಆ ಕೈಯಂತೂ ಇಲ್ಲ ಎಂದೆ. ಇದನ್ನು ಮೊದಲೇ ಯಾಕೆ ತಿಳಿಸಲಿಲ್ಲ ಎಂದು ಕೇಳಿದರು. ನೀವು ವಾರದ ರಜೆ ಕೇಳಿದಿರಿ, ಇದು ತಿಂಗಳಿನದು ಎಂದೆ. ಯೋಚಿಸಿ ಹೇಳುತ್ತೇನೆ ಎಂದು ಇಟ್ಟುಬಿಟ್ಟರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ನೆಲದ ಮೇಲೆ ಮಲಗಿದ್ದವಳು ಎದ್ದು ಕುಳಿತಳು.

"ಕೆಲಸ ಹೋತನು?"

"ಹೋಗಬಹುದು ಅಕ್ಕ."

"ಹೋದ್ರ ಹೋಗಲಿ. ಅವರ ಮನ್ಯಾಗ ಬ್ಯಾಡ ಅಂದದ್ದು ಮಾಡಲಿಲ್ಲಲ್ಲ, ಸಾಕು ಬಿಡು." ಎಂದು ಮತ್ತೆ ಮಲಗಿದಳು. ನಾಳೆ ಹೊಲಿಯಬೇಕಾದ ಬಟ್ಟೆಯ ಗಂಟು ಅವಳ ತಲೆದಿಂಬಿನ ಹತ್ತಿರವೇ ಇತ್ತು. ಅದನ್ನು ನೋಡಲಾಗದೆ ಹಿತ್ತಲಿಗೆ ಹೋದೆ.

ಮರುದಿನ ಮಸ್ಕಿಯಲ್ಲಿ ಸಾಫ್ಟ್‌ವೇರ್ ತೆರೆಯಲಿಲ್ಲ. ಹತ್ತಿಯ ಗಾಡಿಗಳು ಸಾಲುಗಟ್ಟಿ ನಿಂತವು. ಬಂದ ತೂಕವನ್ನು ಕೈಯಲ್ಲಿ ಬರೆದಿಟ್ಟುಕೊಂಡು ಕುಳಿತೆ. ಸಾವ್ಕಾರ ನನಗಿಂತ ಹೆಚ್ಚು ಕಂಗಾಲಾಗಿದ್ದ. ಅದರ ಮರುದಿನ ಲಿಂಗಸುಗೂರಿನ ಫ್ಯಾಕ್ಸ್ ಅಂಗಡಿಯವರು ಹೇಳಿ ಕಳಿಸಿದರು. ಕಾಗದದಲ್ಲಿ ನಾಲ್ಕು ಸಾಲು. ಮಸ್ಕಿಯನ್ನು ತೆರೆಯುತ್ತಿದ್ದೇವೆ, ಕೆಂಪು ಗುರುತು ಅಳಿಸಿದ್ದೇವೆ. ಮುಂದಿನ ಹಲವು ವರ್ಷಗಳ ಇಂಥ ದಿನಗಳನ್ನು ಕಳಿಸಿ. ಕಾರಣ ಬರೆಯುವ ಅಗತ್ಯವಿಲ್ಲ, ತಾರೀಖು ಸಾಕು.

ಅಲ್ಲಿಯೂ ಒಂದು ತೊಡಕು. ನಮ್ಮ ಪಂಚಾಂಗ ಬರುವುದು ಒಂದೊಂದೇ ವರ್ಷದ್ದು, ಅದೂ ಯುಗಾದಿಗೆ. ಮುಂದಿನದನ್ನು ಯಾವ ಅಯ್ಯನವರೂ ಹೇಳಲು ತಯಾರಿರಲಿಲ್ಲ. ತಿಥಿ ಒಂದು ದಿನ ಹಿಂದೆಮುಂದೆ ಆಗುತ್ತದೆ ತಾಯಿ, ಪಂಚಾಂಗ ಬರಲಿ ಎಂದರು. ಇದನ್ನೂ ಹಾಗೆಯೇ ಬರೆದೆ. ಹಾಗಾದರೆ ಪ್ರತಿ ವರ್ಷ ಇದನ್ನು ತುಂಬಲು ಒಬ್ಬರು ಬೇಕಾಗುತ್ತದಲ್ಲ ಎಂದು ಮ್ಯಾನೇಜರು ಕೇಳಿದರು. ಬೇಕಾಗುತ್ತದೆ ಎಂದೆ. ನನ್ನ ಉದ್ಯೋಗ ನಿಂತದ್ದು ಆ ಒಂದು ಮಾತಿನ ಮೇಲೆ. ಮುಂಬೈಯವರಿಗೆ ನನಗಿಂತ ಚೆನ್ನಾಗಿ ಕಂಪ್ಯೂಟರ್ ಬರುತ್ತಿತ್ತು, ಅದರಲ್ಲಿ ಅನುಮಾನವಿಲ್ಲ.

ಹಂಗಾಮು ಮುಗಿದ ಮೇಲೆ ಕೆಲಸ ನನ್ನದಾಯಿತು. ಆ ದಿನ ಅಕ್ಕ ಕೈಯಲ್ಲಿದ್ದ ಕುಪ್ಪಸಕ್ಕೆ ಕೊನೆಯ ಗುಂಡಿ ಹಚ್ಚಿ, ದಾರ ಹಲ್ಲಿನಿಂದ ಕಡಿದು, ಮಷೀನಿಗೆ ಸೀರೆ ಹೊದಿಸಿದಳು. ಅಮವಾಸ್ಯೆ ಇರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಅವಳು ಅಳಲಿಲ್ಲ. "ಇನ್ನ ನಾ ಏನ್ ಮಾಡ್ಲಿ ಬೇ ಹೊತ್ತ ಹೋಗಾಕ?" ಎಂದು ಕೇಳಿದಳು.

ಅಲ್ಲಿಂದ ನನ್ನ ತಿರುಗಾಟ ಶುರುವಾಯಿತು. ಆಫ್ರಿಕಾದಲ್ಲಿ ಒಂದು ಸರೋವರದ ದಂಡೆಯ ಊರು, ಮರುಭೂಮಿಯ ಅಂಚಿನಲ್ಲಿ ಒಂದು, ಹಿಮ ಬೀಳುವಲ್ಲಿ ಒಂದು. ಎಲ್ಲ ಕಡೆಯೂ ಅದೇ ಅರಳೆಯ ಧೂಳು, ಅದೇ ಸಿಕ್ಕಿಹಾಕಿಕೊಳ್ಳುವ ಕೀಲಿಗಳು. ಸರೋವರದ ಊರಿನ ಗಿರಣಿಯವನು ವಾರದ ರಜೆ ಭಾನುವಾರ ಎಂದು ನೀಟಾಗಿ ಬರೆದುಕೊಟ್ಟಿದ್ದ. ಚಹಾ ಕುಡಿಯುತ್ತ ಕೇಳಿದೆ, ಅದಿರಲಿ, ನಿಮ್ಮಲ್ಲಿ ಯಂತ್ರ ಮುಟ್ಟದ ದಿನ ಯಾವುದು? ಅವನು ನಾಚಿಕೊಂಡು ನಕ್ಕ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಮುಗಿಯುವ ತನಕ ಮುಟ್ಟುವುದಿಲ್ಲ, ಆದರೆ ಅದನ್ನು ಕಂಪನಿಗೆ ಹೇಗೆ ಬರೆಯುವುದು ಎಂದ. ಅವನನ್ನು ಅಲ್ಲೇ ತಬ್ಬಿಕೊಳ್ಳಬೇಕೆನಿಸಿತು. ಸಾವಿಗೆ ಪಂಚಾಂಗ ಇಲ್ಲ, ಅದಕ್ಕೆ ಸಾಫ್ಟ್‌ವೇರಿನಲ್ಲಿ ಬೇರೆಯೇ ದಾರಿ ಹುಡುಕಬೇಕಾಯಿತು.

ಕೆಲಸ ಬೆಳೆಯಿತು, ಹೆಸರೂ ಬಂತು. ಕಂಪನಿಯವರು ಲಿಂಗಸುಗೂರಿನ ಮನೆಗೇ ಪರದೇಶದ ಕರೆ ಬರುವ ಫೋನು ಹಾಕಿಸಿದರು. ಯಾವ ಗಿರಣಿಯಲ್ಲಿ ದಿನ ಮುಚ್ಚಲು ಬರದಿದ್ದರೂ ಕರೆ ನನಗೇ. ನಮಗೆ ಅಮವಾಸ್ಯೆ ಇದ್ದಾಗ ಮರುಭೂಮಿಯವರು ದುಡಿಯುತ್ತಿದ್ದರು. ಅವರಿಗೆ ಶುಕ್ರವಾರ ಇದ್ದಾಗ ಸರೋವರದವರು. ಸರೋವರದವರಿಗೆ ಭಾನುವಾರ ಇದ್ದಾಗ ನಮ್ಮವರು. ಒಬ್ಬೊಬ್ಬರಿಗೂ ಅವರವರ ರಜೆ ಜೋಡಿಸಿಕೊಟ್ಟೆ. ಎಲ್ಲರ ದಿನಗಳನ್ನೂ ಒಟ್ಟಿಗೆ ಹಾಸಿ ನೋಡಿದರೆ ನನ್ನ ಪಾಲಿಗೆ ಖಾಲಿ ದಿನ ಒಂದೂ ಉಳಿದಿರಲಿಲ್ಲ. ಅದು ನನಗೆ ತಿಳಿಯುವ ಹೊತ್ತಿಗೆ ತೊಂಬತ್ತರ ದಶಕವೇ ಮುಗಿಯಲು ಬಂದಿತ್ತು.

ಆ ಕೊನೆಯ ವರ್ಷಗಳ ಒಂದು ಅಮವಾಸ್ಯೆ. ಹಿಂದಿನ ದಿನವಷ್ಟೇ ತಿರುಗಾಟ ಮುಗಿಸಿ ಬಂದಿದ್ದೆ. ಕಾಲುಗಳು ಊದಿಕೊಂಡಿದ್ದವು. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದೆ. ಅಕ್ಕ ಎಂದಿನಂತೆ ತಲೆಗೆ ನೀರು ಹಾಕಿಕೊಂಡು ಬಂದು, ಎಷ್ಟೋ ವರ್ಷದಿಂದ ತುಳಿಯದ ತನ್ನ ಮಷೀನಿಗೆ ಎಣ್ಣೆ ಬಿಟ್ಟಳು. ವಿಭೂತಿ ಎಳೆದಳು. ಮಿಕ್ಸರಿಗೆ ಹಚ್ಚಿದಳು, ಪಕ್ಕದ ಮನೆಯವರ ಸೈಕಲ್ಲಿಗೂ ಹಚ್ಚಿದಳು. ತಟ್ಟೆ ಹಿಡಿದುಕೊಂಡು ನನ್ನ ಮುಂದೆ ಬಂದು ಕುಳಿತು ನನ್ನ ಹಣೆಗೂ ಮೂರು ಬೆರಳಿನಿಂದ ವಿಭೂತಿ ಎಳೆದು, ಕುಂಕುಮ ಇಟ್ಟು, ಅಂಗೈಯಲ್ಲಿ ಒಂದು ನಿಂಬೆಹಣ್ಣು ಇಟ್ಟಳು.

"ಮಷೀನಿಗೆ ಇಡೋದನ್ನ ನಂಗ್ಯಾಕ ಅಕ್ಕ?" ಎಂದು ನಕ್ಕೆ.

ಅವಳು ನಗಲಿಲ್ಲ. "ನಾ ತುಳಿಯೋದ ಬಿಟ್ಟೆ. ನೀ ತುಳಿಯಾಕತ್ತೀ," ಎಂದಳು. "ಇವತ್ತ ಒಂದಿನ ಸುಮ್ಮನ ಕುಂದ್ರು. ನಿನ್ನ ಯಾರೂ ಮುಟ್ಟಬಾರದು."

ಅವಳ ಮಂಜು ಕಣ್ಣುಗಳು ನನ್ನ ಮುಖದ ಹತ್ತಿರವೇ ಇದ್ದವು. ಆ ಕ್ಷಣ ನನಗೆ ಎಷ್ಟು ಹಾಯೆನಿಸಿತೆಂದರೆ, ಕಂಬಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದೆ. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು.

ಆಗಲೇ ಫೋನು ಹೊಡೆದುಕೊಂಡಿತು. ಉದ್ದನೆಯ ರಿಂಗು, ಪರದೇಶದ್ದು. ನಾನು ಕಣ್ಣು ತೆರೆದೆ. ಅಕ್ಕ ನನ್ನ ಕೈಯಲ್ಲಿದ್ದ ನಿಂಬೆಹಣ್ಣನ್ನೇ ನೋಡುತ್ತಿದ್ದಳು. ಅದನ್ನು ತಟ್ಟೆಯಲ್ಲಿಟ್ಟು ಎದ್ದೆ.

"ಐದ ನಿಮಿಷ ಅಕ್ಕ," ಎಂದೆ.

ನಾನು ಫೋನು ಇಟ್ಟು ಬರುವಷ್ಟರಲ್ಲಿ ಅಕ್ಕ ನನಗೆ ಬಡಿಸಿದ್ದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು, ಗೋಡೆಯ ಕಡೆ ಮುಖ ಮಾಡಿ, ಒಬ್ಬಳೇ ಕುಳಿತು ಉಣ್ಣುತ್ತಿದ್ದಳು.